ಯಾವ ಸಂಶೋಧನೆಗೆ ಯಾವ ಎಐ? ಕಾಸರಗೋಡಿನಿಂದ ಒಂದು ಹೋಲಿಕೆ

ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯವಿರಲಿ, ಕಾಸರಗೋಡು ಸರಕಾರಿ ಕಾಲೇಜಿರಲಿ, ಕೂಡ್ಲಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಇರಲಿ, ಸಂಶೋಧನೆ ಮಾಡುವವರು ಇಬ್ಬರು ಸೇರಿದರೆ ಈಗ ಈ ಮಾತು ಬಂದೇ ಬರುತ್ತದೆ: ಯಾವ ಎಐ ಒಳ್ಳೆಯದು? ಚಾಟ್‌ಜಿಪಿಟಿಯಾ, ಜೆಮಿನೈಯಾ? ದುಡ್ಡು ಕೊಟ್ಟು ತೆಗೆದುಕೊಳ್ಳಬೇಕಾ, ಉಚಿತದ್ದು ಸಾಕಾ?

ನನ್ನನ್ನು ಕೇಳಿದವರಿಗೆ ನಾನು ತಿರುಗಿ ಕೇಳುವುದು ಎರಡೇ. ನಿಮ್ಮ ವಿಷಯ ಯಾವುದು? ಅದು ತಪ್ಪು ಹೇಳಿದರೆ ನಿಮಗೆ ಗೊತ್ತಾಗುತ್ತದಾ? ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಬ್ರ್ಯಾಂಡಿನ ಚಿಂತೆ ಮುಕ್ಕಾಲು ಮುಗಿಯಿತು.

ಎಐ ನಿಜವಾಗಿ ಗೆದ್ದ ಒಂದು ಕಡೆ ನೋಡಿ. 2020ರಲ್ಲಿ ಡೀಪ್‌ಮೈಂಡ್ ಕಂಪನಿಯ ಆಲ್ಫಾಫೋಲ್ಡ್ 2 ಎಂಬ ಎಐ ಪ್ರೋಟೀನ್‌ಗಳ ಆಕಾರ ಊಹಿಸುವ ಸ್ಪರ್ಧೆಯಲ್ಲಿ ಎಲ್ಲರನ್ನೂ ಹಿಂದೆ ಹಾಕಿತು. 2022ರ ಹೊತ್ತಿಗೆ 20 ಕೋಟಿಗೂ ಜಾಸ್ತಿ ಪ್ರೋಟೀನ್‌ಗಳ ಆಕಾರ ಯಾರು ಬೇಕಾದರೂ ಉಚಿತವಾಗಿ ನೋಡುವ ಹಾಗಾಯಿತು. 2024ರ ರಸಾಯನಶಾಸ್ತ್ರ ನೊಬೆಲಿನ ಅರ್ಧ ಪಾಲು ಇದರ ಹಿಂದಿದ್ದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಬಂತು. ಇದು ಸುಮ್ನೆ ಆದದ್ದಲ್ಲ. ಲ್ಯಾಬಿನಲ್ಲಿ ಅಳೆದು ನೋಡಿದ ಆಕಾರಗಳನ್ನು ವಿಜ್ಞಾನಿಗಳು 1971ರಿಂದ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಕೂಡಿಡುತ್ತಾ ಬಂದಿದ್ದರು. ಕಲಿಯಲಿಕ್ಕೆ ಅದೇ, ಉತ್ತರ ಸರಿಯಾ ಎಂದು ನೋಡಲಿಕ್ಕೂ ಅದೇ. ಮೇಲಿಂದ ಆಲ್ಫಾಫೋಲ್ಡ್ ತನ್ನ ಊಹೆಯ ಒಂದೊಂದು ಭಾಗಕ್ಕೂ 100ರಲ್ಲಿ ಇಷ್ಟು ನಂಬಬಹುದು ಎಂದು ಅಂಕ ಕೊಡುತ್ತದೆ.

ಈಗ ಕುಂಬಳೆಗೆ ಬನ್ನಿ. ಅಲ್ಲಿನ ಯಕ್ಷಗಾನ ಕವಿ ಪಾರ್ತಿಸುಬ್ಬ ಯಾವ ಕಾಲದವನು, ಅವನ ಹೆಸರಿನಲ್ಲಿರುವ ಪ್ರಸಂಗಗಳಲ್ಲಿ ಯಾವುವು ಅವನವು ಎಂದು ವಿದ್ವಾಂಸರು ದಶಕಗಟ್ಟಲೆ ಜಗಳ ಆಡಿದ್ದಾರೆ. ಚಾಟ್‌ಬಾಟನ್ನು ಕೇಳಿದರೆ ಅದು ಜಗಳ ಇದೆ ಎಂದೇ ಹೇಳದೆ ಒಂದು ಶತಮಾನ ಹೇಳಿ ಮುಗಿಸಬಹುದು. ಅಂಕ ಇಲ್ಲ, ಅನುಮಾನ ಇಲ್ಲ. ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಒಂದೇ ದನಿಯಲ್ಲಿ ಹೇಳುವುದು ಅದರ ಗುಣ. ಆಲ್ಫಾಫೋಲ್ಡ್, ಚಾಟ್‌ಬಾಟ್ ಎರಡನ್ನೂ ನಾವು ಎಐ ಎಂದೇ ಕರೆಯುತ್ತೇವೆ, ಗೊಂದಲ ಶುರುವಾಗುವುದೇ ಅಲ್ಲಿ.

ಲೇಖನ ಹುಡುಕುವುದಕ್ಕೆ

ಇಲ್ಲಿ ಆಯ್ಕೆ ಮೂರು ಬಗೆ. ಒಂದು, ಚಾಟ್‌ಜಿಪಿಟಿ, ಜೆಮಿನೈ, ಕ್ಲಾಡ್‌ನಂಥ ಸಾಮಾನ್ಯ ಚಾಟ್‌ಬಾಟ್. ಎರಡು, ಎಲಿಸಿಟ್, ಕನ್ಸೆನ್ಸಸ್, ಸೆಮ್ಯಾಂಟಿಕ್ ಸ್ಕಾಲರ್‌ನಂಥವು. ಇವು ನಿಜವಾಗಿ ಪ್ರಕಟವಾದ ಲೇಖನಗಳ ಪಟ್ಟಿಯಲ್ಲಿ ಹುಡುಕುತ್ತವೆ. ಮೂರು, ಗೂಗಲ್‌ನ ನೋಟ್‌ಬುಕ್‌ಎಲ್ಎಂ. ನೀವು ಹಾಕಿದ ಪಿಡಿಎಫ್‌ಗಳನ್ನು ಮಾತ್ರ ಓದಿ, ಯಾವ ಸಾಲಿನಿಂದ ಉತ್ತರ ತೆಗೆದೆ ಎಂದು ತೋರಿಸುತ್ತದೆ.

ವಿಜ್ಞಾನ, ವೈದ್ಯಕೀಯ, ಅರ್ಥಶಾಸ್ತ್ರದವರಿಗೆ ಎರಡನೆಯ ಬಗೆ ಎಲ್ಲಕ್ಕಿಂತ ಮೇಲು. ತೆಂಗಿನ ಬೇರು ಸೊರಗು ರೋಗದ ಮೇಲೆ ಏನೇನು ಬಂದಿದೆ ಎಂದು ಎಲಿಸಿಟ್‌ಗೆ ಇಂಗ್ಲಿಷಿನಲ್ಲಿ ಕೇಳಿ. ಲೇಖನಗಳನ್ನು ಒಂದು ಕೋಷ್ಟಕದಲ್ಲಿ ಇಟ್ಟು ಕೊಡುತ್ತದೆ. ಪ್ರತಿ ಸಾಲಿಗೂ ಹಿಂದೆ ಹೋಗಿ ನೋಡಲು ಲಿಂಕ್ ಇರುತ್ತದೆ. ಒಂದು ಎಚ್ಚರ ಬೇಕು: ಚಂದಾ ಕಟ್ಟಿ ಓದಬೇಕಾದ ಲೇಖನಗಳಲ್ಲಿ ಇವು ಹೆಚ್ಚಾಗಿ ಸಾರಾಂಶವನ್ನು ಮಾತ್ರ ಓದಿರುತ್ತವೆ. ಸಾರಾಂಶದಲ್ಲಿ ಇರುವಷ್ಟು ಧೈರ್ಯ ಒಳಗಿನ ಪುಟಗಳಲ್ಲಿ ಇರುವುದಿಲ್ಲ, ಅಲ್ವಾ? ಹಾಗಾಗಿ ಮೂಲ ಲೇಖನ ಕೈಗೆ ಬೇಕು. 2025ರ ಜನವರಿಯಲ್ಲಿ ಶುರುವಾದ ಕೇಂದ್ರ ಸರಕಾರದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳಿವೆ. ಕೇಂದ್ರ, ರಾಜ್ಯ ಸರಕಾರಗಳು ನಡೆಸುವ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಅದು ತೆರೆದಿದೆ. ಎಐಗೆ ತಿಂಗಳ ದುಡ್ಡು ಕಟ್ಟುವ ಮೊದಲು ನಿಮ್ಮ ಗ್ರಂಥಪಾಲಕರನ್ನು ಹೋಗಿ ಕೇಳಿ.

ಕನ್ನಡ ಸಾಹಿತ್ಯ, ಜಾನಪದ, ಯಕ್ಷಗಾನದ ಮೇಲೆ ಕೆಲಸ ಮಾಡುವವರಿಗೆ ಇದೇ ಸಾಧನಗಳಿಂದ ಹೆಚ್ಚೇನೂ ಸಿಗುವುದಿಲ್ಲ. ನಮ್ಮ ಲೇಖನಗಳು ಇರುವುದು ಹಳೆಯ ಸ್ಮರಣ ಸಂಚಿಕೆಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ, ನಿಂತುಹೋದ ಪತ್ರಿಕೆಗಳಲ್ಲಿ. ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಕನ್ನಡ ಪ್ರಬಂಧಗಳು ಸಿಗುತ್ತವೆ, ಆದರೆ ಅಕ್ಷರ ಹುಡುಕಲಾಗದ ಬರೀ ಸ್ಕ್ಯಾನ್ ಚಿತ್ರವಾಗಿರುವವು ಅದರಲ್ಲಿ ಬೇಕಾದಷ್ಟು. ಯಂತ್ರದ ಕಣ್ಣಿಗೆ ಅವು ಇಲ್ಲದ ಹಾಗೆಯೇ. ಆಗ ಏನಾಗುತ್ತದೆ? ವಿದ್ಯಾರ್ಥಿ ಚಾಟ್‌ಬಾಟಿನ ಹತ್ತಿರ ಹೋಗುತ್ತಾನೆ. ನಾನೊಮ್ಮೆ ತೆಂಕುತಿಟ್ಟು ಯಕ್ಷಗಾನದ ಹಿಮ್ಮೇಳದ ಬಗ್ಗೆ ಲೇಖನಗಳ ಪಟ್ಟಿ ಕೇಳಿದ್ದೆ. ಹೆಸರು, ವರ್ಷ, ಪುಟ ಸಂಖ್ಯೆ ಸಮೇತ ಬಂತು. ಓದಿದರೆ ಆಸೆ ಆಗಬೇಕು, ಅಂಥ ಶೀರ್ಷಿಕೆಗಳು. ಹುಡುಕಿದರೆ ಒಂದೂ ಇಲ್ಲ ಮಾರಾಯ್ರೆ!

ಆದ್ದರಿಂದ ಕನ್ನಡದವರಿಗೆ ನನ್ನ ಸಲಹೆ: ಹುಡುಕುವ ಕೆಲಸ ಗ್ರಂಥಾಲಯದಲ್ಲೇ ಇರಲಿ. ಸಿಕ್ಕಿದ ಲೇಖನಗಳನ್ನು ಸ್ಕ್ಯಾನ್ ಮಾಡಿ, ಅಕ್ಷರಕ್ಕೆ ಇಳಿಸಿ, ನೋಟ್‌ಬುಕ್‌ಎಲ್ಎಂಗೆ ಹಾಕಿ. ಉಚಿತ ಖಾತೆಯಲ್ಲೇ ಒಂದು ನೋಟ್‌ಬುಕ್‌ಗೆ 50 ಮೂಲಗಳವರೆಗೆ ಹಾಕಬಹುದು. ಒಂದು ಅಧ್ಯಾಯಕ್ಕೆ ಧಾರಾಳ ಸಾಕು. ‘ಈ ವಿಷಯ ಯಾರು ಎಲ್ಲಿ ಹೇಳಿದ್ದರು’ ಎಂದು ಕೇಳಿದರೆ ಸಾಲು ತೋರಿಸುತ್ತದೆ. ಸಾಲು ಓದಿ ನೋಡಲು ನಿಮಗೆ ಅರ್ಧ ನಿಮಿಷ. ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಹಳೆಯ ಪುಟ, ಹಳೆಯ ದಾಖಲೆ

ಕಾಸರಗೋಡಿನ ಚರಿತ್ರೆ ಬರೆಯುವವರ ಕಷ್ಟ ಬೇರೆಯವರಿಗೆ ಸುಲಭಕ್ಕೆ ಅರ್ಥವಾಗುವುದಿಲ್ಲ. 1956ರ ನವೆಂಬರ್ 1ರವರೆಗೆ ಇದು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಅಲ್ಲಿಯವರೆಗಿನ ಜಾಗದ ದಾಖಲೆಗಳಲ್ಲಿ ಕನ್ನಡ, ಇಂಗ್ಲಿಷ್. ಕೇರಳಕ್ಕೆ ಸೇರಿದ ಮೇಲೆ ನಿಧಾನಕ್ಕೆ ಮಲಯಾಳ. 1984ರಲ್ಲಿ ಬೇರೆಯೇ ಜಿಲ್ಲೆಯಾಯಿತು. ಒಂದೇ ತರವಾಡಿನ ಕಡತದಲ್ಲಿ ಮೂರು ಭಾಷೆ ಇದ್ದರೂ ಆಶ್ಚರ್ಯ ಇಲ್ಲ. ಇವನ್ನು ಓದಿಸಲು ಏನು ಬಳಸಬೇಕು?

ಅಚ್ಚಾದ ಪುಟವಾದರೆ ಚಿತ್ರದಿಂದ ಅಕ್ಷರ ತೆಗೆಯುವ ಟೆಸರಾಕ್ಟ್ ಎಂಬ ಸಾಫ್ಟ್‌ವೇರ್ ಇದೆ. ಉಚಿತ, ಇಂಟರ್ನೆಟ್ ಬೇಡ, ಕನ್ನಡ ಬರುತ್ತದೆ. ಗೂಗಲ್ ಡ್ರೈವ್‌ನಲ್ಲಿ ಚಿತ್ರವನ್ನು ಡಾಕ್ಸ್ ಆಗಿ ತೆರೆದರೂ ಅಕ್ಷರ ಸಿಗುತ್ತದೆ, ಕೆಲಸ ಇನ್ನೂ ಸಲೀಸು. ಮೂರನೆಯದು, ಪುಟದ ಫೋಟೋವನ್ನು ನೇರ ಜೆಮಿನೈ ಅಥವಾ ಚಾಟ್‌ಜಿಪಿಟಿಗೆ ಕೊಟ್ಟು ‘ಇದನ್ನು ಟೈಪ್ ಮಾಡು’ ಎನ್ನುವುದು. ಮೊದಲ ನೋಟಕ್ಕೆ ಮೂರನೆಯದೇ ಗೆಲ್ಲುತ್ತದೆ. ಪುಟ ಮಾಸಿದ್ದರೂ ಸರಾಗ ಓದಬಹುದಾದ ಕನ್ನಡ ಬರುತ್ತದೆ.

ನನಗೆ ಭಯ ಇರುವುದೂ ಅಲ್ಲೇ. ಟೆಸರಾಕ್ಟ್ ತಪ್ಪು ಮಾಡಿದರೆ ಕಣ್ಣಿಗೆ ಹೊಡೆದು ಕಾಣುತ್ತದೆ. ‘ಮ’ ಇರುವಲ್ಲಿ ‘ವು’ ಬರುತ್ತದೆ. ಅರ್ಕಾವೊತ್ತು ಒಂಬತ್ತರ ಅಂಕಿಯಾಗಿ ‘ಧಮ೯’ ಎಂದಾಗುತ್ತದೆ. ಸೊನ್ನೆ ಯಾವುದು, ಅನುಸ್ವಾರ ಯಾವುದು ಎಂದು ಅದಕ್ಕೆ ತಿಳಿಯುವುದಿಲ್ಲ. ಹಳಗನ್ನಡದ ೞ, ಱ ಬಂದರೆ ಕೇಳುವುದೇ ಬೇಡ. ಕಸ ಕಸವಾಗಿಯೇ ಕಾಣುವುದರಿಂದ ನೀವು ಕೂತು ತಿದ್ದುತ್ತೀರಿ. ಚಾಟ್‌ಬಾಟ್ ಹಾಗಲ್ಲ. ಓದಲಾಗದ ಕಡೆ ಅದು ಮುಂದೆ ಏನು ಬರಬಹುದು ಎಂದು ಊಹಿಸಿ ತುಂಬುತ್ತದೆ. ‘ಪೇೞ್ದಂ’ ಎಂದಿದ್ದದ್ದು ‘ಪೇಳಿದನು’ ಆಗಿ ಹೊರಬಂದರೆ ಅರ್ಥ ಕೆಟ್ಟಿಲ್ಲ, ಆದರೆ ಮೂಲದಲ್ಲಿದ್ದ ಪಾಠ ಹೋಯಿತು. ಗ್ರಂಥ ಸಂಪಾದನೆ ಮಾಡುವವನಿಗೆ ಅದಕ್ಕಿಂತ ದೊಡ್ಡ ನಷ್ಟ ಯಾವುದು?

ಜಾಗದ ದಾಖಲೆಯಲ್ಲಿ ಇನ್ನೂ ಕಷ್ಟ. ಒಂದು ಹಳೆಯ ಪತ್ರದಲ್ಲಿ ‘ಸದ್ರಿ ಜಾಗದ ಚಾಲಗೇಣಿ ಬಾಬ್ತು ರೂ. ೩–೮–೦’ ಎಂದು ಇದೆ ಎಂದಿಟ್ಟುಕೊಳ್ಳಿ. ಚಾಲಗೇಣಿ ಬೇರೆ, ಮೂಲಗೇಣಿ ಬೇರೆ. ಮೂಲಗೇಣಿಯ ಒಕ್ಕಲನ್ನು ಸುಲಭಕ್ಕೆ ಎಬ್ಬಿಸಲು ಆಗುತ್ತಿರಲಿಲ್ಲ, ಚಾಲಗೇಣಿಯವನನ್ನು ಧಣಿ ಮನಸ್ಸು ಬಂದಾಗ ಎಬ್ಬಿಸಬಹುದಿತ್ತು. ಆ ಪದವನ್ನು ಕಂಡಿರದ ಯಂತ್ರ ಅದನ್ನು ‘ಚಾಲ್ತಿ ಗೇಣಿ’ ಎಂದು ಚೊಕ್ಕ ಮಾಡಿದರೆ ಒಕ್ಕಲಿನ ಹಕ್ಕಿನ ಕಥೆಯೇ ಮಾಯ. ಹಣದ ಲೆಕ್ಕ ನೋಡಿ. ೩–೮–೦ ಎಂದರೆ ಮೂರು ರೂಪಾಯಿ ಎಂಟು ಆಣೆ. ರೂಪಾಯಿಗೆ 16 ಆಣೆ, ಹಾಗಾಗಿ ಇಂದಿನ ಲೆಕ್ಕಕ್ಕೆ 3.50. ಯಂತ್ರ ಅದನ್ನು 3.80 ಎಂದು ಕೋಷ್ಟಕಕ್ಕೆ ಹಾಕಿದರೆ ನಿಮ್ಮ ಇಡೀ ಅಧ್ಯಾಯದ ಗೇಣಿ ಲೆಕ್ಕ ಏರುಪೇರು. ನೋಡುವವರ ಕಣ್ಣಿಗೆ ಕೋಷ್ಟಕ ಮಾತ್ರ ಬಹಳ ಚಂದ ಕಾಣುತ್ತದೆ.

ಹೀಗಾಗಿ ನನ್ನ ಆಯ್ಕೆ: ವಿಷಯ ತಿಳಿದುಕೊಳ್ಳಲಿಕ್ಕೆ, ಯಾವ ಪತ್ರ ಬೇಕು ಯಾವುದು ಬೇಡ ಎಂದು ಆರಿಸಲಿಕ್ಕೆ ಚಾಟ್‌ಬಾಟ್ ಬಳಸಿ. ಅಡಿಟಿಪ್ಪಣಿಗೆ ಹೋಗುವ ಸಾಲಿಗೆ ಟೆಸರಾಕ್ಟ್ ಅಥವಾ ಡ್ರೈವ್, ಅದರ ಮೇಲೆ ನಿಮ್ಮ ಕಣ್ಣು.

ಕೈಬರಹದ ಕಟ್ಟು ದೊಡ್ಡದಿದ್ದರೆ ಟ್ರಾನ್ಸ್‌ಕ್ರಿಬಸ್ ಎಂಬುದೊಂದಿದೆ. ಒಬ್ಬನೇ ಶ್ಯಾನುಭಾಗನ ಕೈಬರಹದ ಕೆಲವು ಡಜನ್ ಪುಟಗಳನ್ನು ನೀವೇ ಟೈಪ್ ಮಾಡಿ ಕಲಿಸಿದರೆ ಉಳಿದದ್ದನ್ನು ಅದು ಓದಲು ನೋಡುತ್ತದೆ. ಉಚಿತ ಪುಟಗಳಿಗೆ ಮಿತಿ ಇದೆ. ನೂರು ಪುಟದ ಕಟ್ಟಿಗೆ ಇಷ್ಟೆಲ್ಲ ಮಾಡುವುದು ದಂಡ, ಕೂತು ಓದಿದರೆ ಬೇಗ ಮುಗಿಯುತ್ತದೆ. ತಾಡವಾಲೆಯ ತುಳು–ತಿಗಳಾರಿ ಲಿಪಿಗೆ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದೇ 2024ರ ಸೆಪ್ಟೆಂಬರಿನ 16.0 ಆವೃತ್ತಿಯಲ್ಲಿ. ಆ ಲಿಪಿಯವರು ಸದ್ಯಕ್ಕೆ ಗುರುಗಳ ಹತ್ತಿರ ಕೂತು ಓದಲು ಕಲಿಯುವುದೇ ದಾರಿ.

ರೆಕಾರ್ಡ್ ಮಾಡಿದ ಮಾತು

ಕ್ಷೇತ್ರಕಾರ್ಯದವರಿಗೆ ಅತಿ ಬೇಸರದ ಕೆಲಸ ಸಂದರ್ಶನಗಳನ್ನು ಬರಹಕ್ಕೆ ಇಳಿಸುವುದು. ಇಲ್ಲಿ ಎರಡು ಮುಖ್ಯ ಆಯ್ಕೆ: ಓಪನ್‌ಎಐನ ವಿಸ್ಪರ್, ಮತ್ತು ಐಐಟಿ ಮದ್ರಾಸಿನ ಎಐ4ಭಾರತ್ ತಂಡದ ಮಾದರಿಗಳು (ಎಐ ಮಾಡೆಲ್‌ಗಳು). ವಿಸ್ಪರ್ 2022ರಲ್ಲಿ ಬಂತು. ಅದರ ಕನ್ನಡ ಇಂಗ್ಲಿಷಿನ ಮಟ್ಟಕ್ಕೆ ಬಹಳ ಹಿಂದೆ ಇದೆ. ಮೌನ ಇರುವ ಕಡೆ ಯಾರೂ ಆಡದ ವಾಕ್ಯ ಸೇರಿಸುವ ಚಾಳಿಯೂ ಉಂಟು. ಎಐ4ಭಾರತ್‌ನವು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳನ್ನು ಗುರಿ ಇಟ್ಟು ಮಾಡಿದವು. ಶಿಷ್ಟ ಕನ್ನಡ, ಮಲಯಾಳ, ಕೊಂಕಣಿ, ಮರಾಠಿಗೆ ನಾನು ಮೊದಲು ಇವನ್ನೇ ನೋಡಲು ಹೇಳುತ್ತೇನೆ.

ಆದರೆ ನಮ್ಮದು ಸಪ್ತಭಾಷಾ ಸಂಗಮ ಭೂಮಿ ತಾನೇ? ತುಳು, ಬ್ಯಾರಿ ಆ 22ರಲ್ಲಿ ಇಲ್ಲ. ಗೂಗಲ್ ಟ್ರಾನ್ಸ್‌ಲೇಟ್‌ಗೆ 2024ರಲ್ಲಿ ತುಳು ಸೇರಿದ್ದು ಖುಷಿಯ ಸಂಗತಿಯೇ, ಆದರೆ ಅದು ಬರೆದ ಮಾತಿನ ಅನುವಾದಕ್ಕೆ. ಬದಿಯಡ್ಕದ ಅಜ್ಜಿಯೊಬ್ಬರು ಹವ್ಯಕ ಕನ್ನಡದಲ್ಲಿ ಶುರುಮಾಡಿ, ಕೆಲಸದವಳ ಮಾತು ಹೇಳುವಾಗ ತುಳುವಿಗೆ ಹೋಗಿ, ವಿಲೇಜ್ ಆಫೀಸಿನ ಕಥೆಗೆ ಮಲಯಾಳ ಹಿಡಿದರೆ ಯಾವ ಯಂತ್ರವೂ ಕೈಚೆಲ್ಲುತ್ತದೆ. ‘ಆನು’ (ನಾನು), ‘ಅಪ್ಪು’ (ಹೌದು) ಎಂಬಂಥ ಹವ್ಯಕ ಮಾತನ್ನು ತಿದ್ದುತ್ತಾ ಕೂರುವುದಕ್ಕಿಂತ ನೀವೇ ಕೇಳಿ ಬರೆದರೆ ಸಮಯ ಉಳಿಯುತ್ತದೆ. ಭಾಷೆ ಬದಲಾಗುವ ಕ್ಷಣವೇ ನಿಮ್ಮ ಸಂಶೋಧನೆಯ ವಿಷಯವಾಗಿದ್ದರಂತೂ ಯಂತ್ರ ಹತ್ತಿರವೂ ಬರಬಾರದು.

ಇನ್ನೊಂದು ಮಾತು, ಇದನ್ನು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಎಣ್ಮಕಜೆಯ ಪಡ್ರೆಯಂಥ ಊರುಗಳಲ್ಲಿ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಮನೆಗಳಿಗೆ ಎಷ್ಟೋ ಸಂಶೋಧಕರು ಹೋಗಿ ಬಂದಿದ್ದಾರೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಮದ್ದು ಬಿಡುವುದು 2000ದ ಹೊತ್ತಿಗೆ ನಿಂತಿತು, ಸಂದರ್ಶನಗಳು ನಿಲ್ಲಲಿಲ್ಲ. ಆ ರೆಕಾರ್ಡಿಂಗುಗಳಲ್ಲಿ ಮಕ್ಕಳ ಕಾಯಿಲೆ, ಆಸ್ಪತ್ರೆ ಕಾಗದ, ಪರಿಹಾರದ ಹಣ, ಮನೆಯೊಳಗಿನ ಜಗಳ ಎಲ್ಲ ಇರುತ್ತದೆ. ಅದನ್ನು ಎತ್ತಿ ಉಚಿತ ಚಾಟ್‌ಬಾಟಿಗೆ ಹಾಕಬೇಡಿ. ಸಾಮಾನ್ಯ ಖಾತೆಯಲ್ಲಿ ನಾವು ಹಾಕಿದ್ದನ್ನು ಮಾದರಿಗೆ ಕಲಿಸಲು ಬಳಸುವ ವ್ಯವಸ್ಥೆ ಹಲವು ಸೇವೆಗಳಲ್ಲಿ ತಾನಾಗಿಯೇ ಆನ್ ಇರುತ್ತದೆ, ಸೆಟ್ಟಿಂಗ್ಸ್‌ಗೆ ಹೋಗಿ ನಾವೇ ಆಫ್ ಮಾಡಬೇಕು. ಮನೆಯವರು ಒಪ್ಪಿದ್ದು ನಿಮ್ಮ ಪ್ರಬಂಧಕ್ಕೆ, ಕಂಪನಿಯ ಸರ್ವರಿಗಲ್ಲ. ವಿಸ್ಪರ್ ನಿಮ್ಮ ಲ್ಯಾಪ್‌ಟಾಪಿನಲ್ಲೇ, ಇಂಟರ್ನೆಟ್ ತೆಗೆದಿಟ್ಟರೂ ನಡೆಯುತ್ತದೆ. ಕನ್ನಡ ಅಷ್ಟಕ್ಕಷ್ಟೇ ಆದರೂ ಇಂಥ ಕೆಲಸಕ್ಕೆ ಅದೇ ಮೇಲು. ದೊಡ್ಡ ಮಾದರಿಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು, ಸಣ್ಣವು ಸಾಮಾನ್ಯ ಲ್ಯಾಪ್‌ಟಾಪಿಗೂ ಸಾಕು.

ತೋಟದ ಫೋಟೋ, ಸರ್ವೆಯ ಅಂಕಿ

ಅಡಿಕೆ ಎಲೆಚುಕ್ಕಿ ರೋಗ ಹಬ್ಬಿದ ಮೇಲೆ ‘ಫೋಟೋ ನೋಡಿ ರೋಗ ಹೇಳುವ ಎಐ’ ಮಾಡುತ್ತೇನೆ ಎನ್ನುವ ಪ್ರಾಜೆಕ್ಟುಗಳು ಜಾಸ್ತಿಯಾಗಿವೆ. ವಿಷಯ ಒಳ್ಳೆಯದೇ. ತಯಾರು ಮಾದರಿ ತೆಗೆದುಕೊಳ್ಳಬೇಕಾ, ಸ್ವಂತದ್ದು ಮಾಡಬೇಕಾ ಎಂಬುದು ಆಯ್ಕೆ. ಈ ಕ್ಷೇತ್ರದ ಹೆಸರಾಂತ ಚಿತ್ರಭಂಡಾರ ಪ್ಲಾಂಟ್‌ವಿಲೇಜ್. 14 ಬೆಳೆಗಳ 54,000ಕ್ಕೂ ಜಾಸ್ತಿ ಎಲೆಗಳ ಚಿತ್ರ ಅದರಲ್ಲಿದೆ. ಅಡಿಕೆಯೂ ಇಲ್ಲ, ತೆಂಗೂ ಇಲ್ಲ. 2016ರಲ್ಲಿ ಅದರ ಮೇಲೆ ಕಲಿಸಿದ ಮಾದರಿ ಅದೇ ಭಂಡಾರದ ಬೇರೆ ಚಿತ್ರಗಳಲ್ಲಿ ಶೇಕಡಾ 99.35 ಸರಿ ಹೇಳಿತು. ಬೇರೆ ಕಡೆ ತೆಗೆದ ಚಿತ್ರ ಕೊಟ್ಟಾಗ ಶೇಕಡಾ 31ರ ಆಸುಪಾಸಿಗೆ ಇಳಿಯಿತು. ಭಂಡಾರದ ಚಿತ್ರಗಳು ಸಾದಾ ಹಿನ್ನೆಲೆಯಲ್ಲಿ ಒಂದೊಂದೇ ಎಲೆ ಇಟ್ಟು ತೆಗೆದವು. ಆಟಿಯ ಮಳೆಯಲ್ಲಿ, ಸೋಗೆಯ ನೆರಳಲ್ಲಿ, ಒದ್ದೆ ಮೊಬೈಲಿನಲ್ಲಿ ತೆಗೆದ ಫೋಟೋ ಹಾಗಿರುತ್ತದಾ?

ಹಾಗಾಗಿ ಸ್ವಂತ ಚಿತ್ರ ಸೇರಿಸಿ, ಗೂಗಲ್ ಕೊಲ್ಯಾಬ್‌ನಂಥ ಉಚಿತ ಜಾಗದಲ್ಲಿ ತಯಾರು ಮಾದರಿಗೆ ಮುಂದಿನ ಪಾಠ ಕಲಿಸುವುದೇ ಒಳ್ಳೆಯ ದಾರಿ. ಪರೀಕ್ಷೆಗೆ ಇಡುವ ಚಿತ್ರಗಳು ಬೇರೆಯೇ ತೋಟದ್ದಾಗಿರಲಿ. ಅದೇ ಮರದ ಪಕ್ಕದ ಸೋಗೆಯನ್ನು ಪರೀಕ್ಷೆಗೆ ಇಟ್ಟರೆ ಅಂಕ ಬರುತ್ತದೆ, ರೈತನಿಗೆ ಉಪಯೋಗ ಎಂತದೂ ಇಲ್ಲ. ಚಿತ್ರಕ್ಕೆ ಹೆಸರು ಕೊಡುವುದು ಸಸ್ಯರೋಗ ತಜ್ಞರ ಕೆಲಸ, ಚಾಟ್‌ಬಾಟಿನದ್ದಲ್ಲ.

ಸರ್ವೆಯ ಅಂಕಿಅಂಶಕ್ಕೆ ಹೆಚ್ಚು ಹೇಳುವುದಿಲ್ಲ. ಚಾಟ್‌ಬಾಟಿಗೆ ಲೆಕ್ಕ ಮಾಡಲು ಹೇಳಬೇಡಿ, ಲೆಕ್ಕ ಮಾಡುವ ಕೋಡನ್ನು ಆರ್ ಅಥವಾ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಲು ಹೇಳಿ. ಕೋಡನ್ನು ಹತ್ತು ಸಾಲಿನ ಡೇಟಾದಲ್ಲಿ ಓಡಿಸಿ, ಕೈಲೆಕ್ಕದ ಜತೆ ತಾಳೆ ನೋಡಿ. ತಾಳೆಯಾದರೆ ಮುಂದೆ ಹೋಗಿ.

ಬರವಣಿಗೆ ಮತ್ತು ದುಡ್ಡು

ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಬೇಕಾದವರಿಗೆ ಭಾಷೆ ತಿದ್ದಲು ಎಐ ದೊಡ್ಡ ಉಪಕಾರ. ಅದರಲ್ಲಿ ನಾಚಿಕೆ ಬೇಡ. ನಿಮ್ಮದೇ ಪ್ಯಾರಾ ಕೊಟ್ಟು ‘ವ್ಯಾಕರಣ ಮಾತ್ರ ತಿದ್ದು, ವಿಷಯ ಸೇರಿಸಬೇಡ’ ಎನ್ನಿ. ಎಐಯನ್ನು ಲೇಖಕನಾಗಿ ಹಾಕುವಂತಿಲ್ಲ, ಬಳಸಿದ್ದರೆ ಹೇಳಬೇಕು ಎಂದು ‘ನೇಚರ್’ ಪತ್ರಿಕೆ 2023ರ ಜನವರಿಯಲ್ಲೇ ಸಾರಿತು. ಈಗ ಬಹುತೇಕ ದೊಡ್ಡ ಪತ್ರಿಕೆಗಳದ್ದು ಅದೇ ನಿಯಮ.

ಎಐ ಪತ್ತೆಹಚ್ಚುವ ಸಾಫ್ಟ್‌ವೇರ್‌ಗಳನ್ನು ಮಾತ್ರ ನಂಬಿ ಕೂರಬೇಡಿ. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಎಐ ಬರೆದವು ಎಂದು ಇಂಥ ಸಾಫ್ಟ್‌ವೇರ್‌ಗಳು ಹೇಳಿದ್ದನ್ನು 2023ರಲ್ಲಿ ಸ್ಟ್ಯಾನ್‌ಫರ್ಡ್‌ನವರು ತೋರಿಸಿದ್ದಾರೆ. ಸರಳ ಇಂಗ್ಲಿಷ್ ಬರೆಯುವುದೇ ಅಪರಾಧವಾದ ಹಾಗಾಯಿತು! ಯುಜಿಸಿಯ 2018ರ ಕೃತಿಚೌರ್ಯ ನಿಯಮದ ಶೇಕಡಾ 10, 40, 60ರ ಮಿತಿಗಳು ಬೇರೆ ಬರಹದ ಜತೆಗಿನ ಹೋಲಿಕೆಗೆ ಸಂಬಂಧಿಸಿದವು. ಚಾಟ್‌ಜಿಪಿಟಿ ಬರುವ ನಾಲ್ಕು ವರ್ಷ ಮೊದಲಿನ ನಿಯಮ ಅದು. ಆ ಹೋಲಿಕೆಯ ಶೇಕಡಾವಾರನ್ನೂ ಎಐ ಪತ್ತೆ ಸಾಫ್ಟ್‌ವೇರ್ ಹೇಳುವ ಶೇಕಡಾವಾರನ್ನೂ ಬೆರೆಸಿ ಯಾರಾದರೂ ಹೆದರಿಸಿದರೆ ಈ ವ್ಯತ್ಯಾಸ ಮೆಲ್ಲಗೆ ತಿಳಿಸಿ.

ದುಡ್ಡಿನ ವಿಷಯ. ಆರಂಭಕ್ಕೆ ಉಚಿತದ್ದೇ ಸಾಕು. ಕನ್ನಡದಲ್ಲಿ ಮಾತಾಡಿದರೆ ಇಂಗ್ಲಿಷಿಗಿಂತ ಬೇಗ ಮಿತಿ ಮುಗಿಯಬಹುದು, ಏಕೆಂದರೆ ಕನ್ನಡದ ಒಂದು ಪದವನ್ನು ಈ ಮಾದರಿಗಳು ಜಾಸ್ತಿ ಚೂರುಗಳಾಗಿ ಒಡೆದು ಓದುತ್ತವೆ. ಭಾರತಕ್ಕೆಂದು 2025ರ ಆಗಸ್ಟ್‌ನಲ್ಲಿ ತಿಂಗಳಿಗೆ 399 ರೂಪಾಯಿಗೆ ಬಂದ ಚಾಟ್‌ಜಿಪಿಟಿ ಗೋ ಅದೇ ವರ್ಷದ ನವೆಂಬರಿನಲ್ಲಿ ಒಂದು ವರ್ಷದ ಉಚಿತ ಆಫರ್ ಆಯಿತು. ಇಂಥವು ಬರುತ್ತಾ ಹೋಗುತ್ತಾ ಇರುತ್ತವೆ. ತೆಗೆದುಕೊಳ್ಳಿ, ಆದರೆ ಯುಪಿಐ ಆಟೋಪೇ ಎಂದಿನಿಂದ ಹಣ ಎಳೆಯುತ್ತದೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ವಿಜ್ಞಾನದವರು ಒಂದಕ್ಕೆ ದುಡ್ಡು ಕೊಡುವುದಾದರೆ ಲೇಖನ ಹುಡುಕುವ ಸಾಧನಕ್ಕೆ ಕೊಡಿ. ಕನ್ನಡದವರು ಆ ದುಡ್ಡಿಗೆ ಒಳ್ಳೆಯ ಸ್ಕ್ಯಾನಿಂಗ್ ಮಾಡಿಸಿ.

ಯಾವುದನ್ನೇ ಆರಿಸಿ, ಒಂದು ಕಡತದಲ್ಲಿ ದಿನಾಂಕ, ಸಾಧನದ ಹೆಸರು, ಆವೃತ್ತಿ, ನೀವು ಕೇಳಿದ ಪ್ರಶ್ನೆ, ಬಂದ ಉತ್ತರದಲ್ಲಿ ಉಳಿಸಿಕೊಂಡದ್ದು ಏನು ಎಂದು ಬರೆದಿಡಿ. ಇವತ್ತಿನ ಮಾದರಿ ನಿಮ್ಮ ವೈವಾದ ಹೊತ್ತಿಗೆ ಇರುವುದಿಲ್ಲ, ಪರೀಕ್ಷಕರ ಪ್ರಶ್ನೆ ಇರುತ್ತದೆ.